ಕಂಪನಿಗೆ ಪಾಪವುಂಟೆ?

॥ ಶ್ರೀಹರಿವಾಯುಗುರುಭ್ಯೋ ನಮಃ ॥

ಉದರನಿಮಿತ್ತವಾಗಿ ಸ್ವಸ್ಥಳವನ್ನು ಬಿಟ್ಟು ಉತ್ತರದೇಶಕ್ಕೆ ಬಂದು ನೆಲೆಸಿದ ನಮ್ಮ ಮಾಧ್ವಕುಟುಂಬಗಳಲ್ಲಿ ಅನೇಕವು ಇಂದು ಗುರುಗ್ರಾಮ, ಮಾನೇಸರ್ ಮೊದಲಾದ ಕಡೆಗಳ ಕೈಗಾರಿಕೆಗಳನ್ನು ಆಶ್ರಯಿಸಿವೆ. ತಂದೆಯರ ಕಾಲದಲ್ಲಿ ಕೇಂದ್ರ ಸರಕಾರದ ಕಚೇರಿ, ಬ್ಯಾಂಕು, ರೈಲ್ವೆಗಳು ನಮ್ಮವರಿಗೆ ಜೀವನೋಪಾಯವಾಗಿದ್ದವು. ಮಕ್ಕಳ ಕಾಲದಲ್ಲಿ ಮೋಟಾರು ಕಾರ್ಖಾನೆಗಳು, ಅವಕ್ಕೆ ಬಿಡಿಭಾಗಗಳನ್ನು ಒದಗಿಸುವ ಘಟಕಗಳು, ಅವುಗಳ ಲೆಕ್ಕಪತ್ರ ನೋಡುವ ಸಂಸ್ಥೆಗಳು ಆ ಸ್ಥಾನವನ್ನು ಪಡೆದಿವೆ. ಜೀವನೋಪಾಯವು ಬದಲಾದಂತೆ ಧರ್ಮಸಂದೇಹಗಳೂ ಬದಲಾಗುವುದು ಸಹಜ. ಅಂತಹ ಒಂದು ಸಂದೇಹವನ್ನು ಯಥಾಮತಿ ವಿಚಾರಿಸುವುದು ಈ ಲೇಖನದ ಉದ್ದೇಶ.

ಕಾರ್ತಿಕಮಾಸ ಬಂದೊಡನೆ ನಾವು ದಾಮೋದರನ ಸನ್ನಿಧಿಯಲ್ಲಿ ದೀಪ ಹಚ್ಚುತ್ತೇವೆ. ಅನುಕೂಲವಿದ್ದವರು ಆಕಾಶದೀಪವನ್ನೂ ಏರಿಸುತ್ತಾರೆ. ಅದೇ ಮಾಸದಲ್ಲಿ ದೆಹಲಿ ಸೀಮೆಯ ಆಕಾಶವು ಹೊಗೆಯಿಂದ ಮುಚ್ಚಿ, ಎದುರುಮನೆಯ ಮಹಡಿಯ ದೀಪವೂ ಮಸುಕಾಗುತ್ತದೆ. ವಾಯುಗುಣಮಟ್ಟದ ಸೂಚ್ಯಂಕವು 200ನ್ನು ದಾಟಿದರೆ ಮೊದಲನೆಯ ಹಂತದ ನಿರ್ಬಂಧ, 450ನ್ನು ಮೀರಿದರೆ ನಾಲ್ಕನೆಯ ಹಂತದ ನಿರ್ಬಂಧ ಎಂಬ ಕ್ರಮ ಇಲ್ಲಿಯ ಮಕ್ಕಳಿಗೂ ಕಂಠಪಾಠವಾಗಿದೆ. ಇದಕ್ಕೆ ಕಾರಣ ಒಂದಲ್ಲ. ವಾಹನಗಳು, ರಸ್ತೆಯ ಧೂಳು, ಕಟ್ಟಡದ ಕಾಮಗಾರಿ, ಹೊಲಗಳಲ್ಲಿ ಸುಡುವ ಭತ್ತದ ಕೂಳೆ, ಬೀದಿಯಲ್ಲಿ ಸುಡುವ ಕಸ, ಉಷ್ಣವಿದ್ಯುತ್ ಸ್ಥಾವರಗಳು, ಕಾರ್ಖಾನೆಗಳು – ಎಲ್ಲವೂ ಸೇರಿ ಈ ಹೊಗೆ. ಇವುಗಳಲ್ಲಿ ಕಾರ್ಖಾನೆಯ ಪಾಲಿನ ಮಾತು ಬಂದಾಗ ನಮ್ಮ ಯುವಕರು ಕೊಡುವ ಉತ್ತರ ಬಹುಮಟ್ಟಿಗೆ ಒಂದೇ ಆಗಿರುತ್ತದೆ: “ಅದು ಕಂಪನಿಯ ತೀರ್ಮಾನ. ನಾನು ಸಂಬಳಕ್ಕೆ ದುಡಿಯುವವನು. ದೋಷವಿದ್ದರೆ ಅದು ಕಂಪನಿಗೆ ಸೇರಿದ್ದು.”

ಹಾಗಾದರೆ ಕಂಪನಿಗೆ ಪಾಪವುಂಟೆ? ಇಲ್ಲವಾದರೆ ಆ ಪಾಪವು ಯಾರದು? ಅದನ್ನು ಕಡಿಮೆ ಮಾಡುವ ಬಗೆ ಯಾವುದು?

ಕಾನೂನಿನ ವ್ಯಕ್ತಿಯೂ ಶಾಸ್ತ್ರದ ಜೀವನೂ

ಕಾನೂನಿನ ದೃಷ್ಟಿಯಲ್ಲಿ ಕಂಪನಿಯು ಒಬ್ಬ ವ್ಯಕ್ತಿ. ಅದು ಆಸ್ತಿಯನ್ನು ಹೊಂದಬಲ್ಲದು, ದಾವೆ ಹೂಡಬಲ್ಲದು. ಅದರ ಸದಸ್ಯರು ಬದಲಾದರೂ, ಗತಿಸಿದರೂ ಅದು ಮುಂದುವರಿಯುತ್ತದೆ. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ನಮ್ಮ ದೇಶದ ನ್ಯಾಯಾಲಯಗಳು ದೇವಸ್ಥಾನದ ಮೂರ್ತಿಯನ್ನೂ, ಮಠವನ್ನೂ ಇಂತಹ ವ್ಯಕ್ತಿಗಳೆಂದು ಒಪ್ಪಿವೆ. ವ್ಯವಹಾರದ ಅನುಕೂಲಕ್ಕಾಗಿ ಮಾಡಿಕೊಂಡ ಕಲ್ಪನೆ ಇದು.

ಆದರೆ ಶ್ರೀಮದಾಚಾರ್ಯರ ಸಿದ್ಧಾಂತದಲ್ಲಿ ತತ್ತ್ವವು ಸ್ವತಂತ್ರ, ಅಸ್ವತಂತ್ರ ಎಂದು ಎರಡು ಬಗೆಯದು. ಸ್ವತಂತ್ರನು ಶ್ರೀಹರಿಯೊಬ್ಬನೇ. ಅಸ್ವತಂತ್ರವಾದ ಭಾವಪದಾರ್ಥಗಳಲ್ಲಿ ಚೇತನ, ಅಚೇತನ ಎಂಬ ವಿಭಾಗವುಂಟು. ಸುಖದುಃಖಗಳ ಅನುಭವ, ಇಚ್ಛೆ, ಪ್ರಯತ್ನ ಇವು ಇರುವುದು ಚೇತನನಿಗೆ ಮಾತ್ರ. ಕಂಪನಿಗೆ ಹಸಿವಿಲ್ಲ, ಕೆಮ್ಮಿಲ್ಲ, ಪಶ್ಚಾತ್ತಾಪವಿಲ್ಲ, ಪುನರ್ಜನ್ಮವೂ ಇಲ್ಲ. ಅದು ಅನೇಕ ಜೀವರು ಪರಸ್ಪರ ಮಾಡಿಕೊಂಡ ಒಂದು ಏರ್ಪಾಡು. ಆದುದರಿಂದ ಪುಣ್ಯಪಾಪಗಳು ಅದಕ್ಕೆ ಅಂಟಲಾರವು.

ಇಷ್ಟನ್ನು ಕೇಳಿ ಪೂರ್ವಪಕ್ಷಿಯು ಸಂತೋಷಪಡಬಹುದು: “ಕಂಪನಿಗೆ ಪಾಪವಿಲ್ಲ, ನನಗೂ ಇಲ್ಲ, ಹಾಗಾದರೆ ಯಾರಿಗೂ ಇಲ್ಲ.” ಇದು ಶಾಸ್ತ್ರಕಾರರು ‘ಕೃತಹಾನಿ’ ಎಂದು ಕರೆಯುವ ದೋಷ. ಕೆಲಸವು ನಡೆದಿದೆ, ಹೊಗೆ ಏರಿದೆ, ನೀರು ಕೆಟ್ಟಿದೆ. ಆದರೆ ಅದರ ಫಲವು ಮಾಡಿದ ಯಾರಿಗೂ ಸೇರದೆ ಮಾಯವಾಯಿತು ಎಂದರೆ ಕರ್ಮವ್ಯವಸ್ಥೆಯೇ ಉಳಿಯುವುದಿಲ್ಲ. ಕಂಪನಿಯಲ್ಲಿ ನೂರು ಜನ ಸೇರಿ ಮಾಡಿದ ಕರ್ಮವು ಆ ನೂರು ಜನರಲ್ಲಿ ಹಂಚಿಹೋಗುವುದೇ ಹೊರತು ಆವಿಯಾಗುವುದಿಲ್ಲ. ನಮ್ಮ ಶಾಸನವೂ ಈ ಸೂಕ್ಷ್ಮವನ್ನು ತನ್ನದೇ ರೀತಿಯಲ್ಲಿ ಕಂಡಿತ್ತು. 1986ರ ಪರಿಸರ ಸಂರಕ್ಷಣಾ ಕಾಯಿದೆಯು ಬಂದಾಗಲೇ, ಕಂಪನಿಯು ಅಪರಾಧ ಮಾಡಿದರೆ ಕಂಪನಿಯೊಡನೆ ಅದರ ವ್ಯವಹಾರದ ಹೊಣೆ ಹೊತ್ತಿದ್ದ ಮನುಷ್ಯರನ್ನೂ ಹೊಣೆಗಾರರೆಂದು ಎಣಿಸುವ ವಿಧಿಯನ್ನು ಅದರಲ್ಲಿ ಸೇರಿಸಲಾಗಿತ್ತು.

ಬಡಗಿಯ ದೃಷ್ಟಾಂತ

“ನಾನು ಹೇಳಿದ ಕೆಲಸ ಮಾಡುವವನು” ಎಂಬ ಮಾತಿಗೆ ಬ್ರಹ್ಮಸೂತ್ರಗಳ ಎರಡನೆಯ ಅಧ್ಯಾಯದ ಮೂರನೆಯ ಪಾದದಲ್ಲಿ ಅತ್ಯಂತ ಸಮರ್ಪಕವಾದ ಸಮಾಧಾನ ದೊರೆಯುತ್ತದೆ. ಜೀವನು ಕರ್ತೃವೇ ಅಲ್ಲವೆಂದರೆ ವಿಧಿನಿಷೇಧಗಳನ್ನು ಹೇಳುವ ಶಾಸ್ತ್ರವು ವ್ಯರ್ಥವಾಗುತ್ತದೆ. ಸ್ವತಂತ್ರಕರ್ತೃವೆಂದರೆ ಶ್ರೀಹರಿಯ ಸರ್ವಕರ್ತೃತ್ವಕ್ಕೆ ಭಂಗ ಬರುತ್ತದೆ. ಈ ಇಕ್ಕಟ್ಟಿನಲ್ಲಿ ಸೂತ್ರಕಾರರು ತಕ್ಷನನ್ನು, ಎಂದರೆ ಬಡಗಿಯನ್ನು, ದೃಷ್ಟಾಂತವಾಗಿ ತರುತ್ತಾರೆ. ಶ್ರೀಮದಾಚಾರ್ಯರ ಭಾಷ್ಯದ ಅಭಿಪ್ರಾಯದಂತೆ, ಬಡಗಿಯು ಕೆಲಸ ಮಾಡಿಸುವವನ ಅಧೀನನೂ ಹೌದು, ತಾನೇ ಕೆಲಸವನ್ನು ಮಾಡುವವನೂ ಹೌದು. ಒಂದು ಇನ್ನೊಂದನ್ನು ತೆಗೆದುಹಾಕುವುದಿಲ್ಲ. ಜೀವನ ಕರ್ತೃತ್ವವೂ ಇದರಂತೆಯೇ: ಪರಾಧೀನ, ಆದರೂ ಸತ್ಯ.

ಈ ದೃಷ್ಟಾಂತವು ಜೀವೇಶ್ವರರ ಸಂಬಂಧವನ್ನು ತಿಳಿಸಲು ಬಂದದ್ದು. ಆದರೆ ದೃಷ್ಟಾಂತವನ್ನು ಆರಿಸಿದ್ದು ಲೋಕದಿಂದ ತಾನೆ? ಲೋಕದಲ್ಲಿ ಅದು ಹೇಗೆ ಸತ್ಯವೆಂಬುದನ್ನು ನೋಡಿದರೆ ನಮ್ಮ ಪ್ರಶ್ನೆಗೂ ಬೆಳಕು ಬೀಳುತ್ತದೆ. ಬಾಗಿಲು ಎಲ್ಲಿರಬೇಕು, ಎಷ್ಟು ಎತ್ತರವಿರಬೇಕು ಎಂಬುದನ್ನು ಮನೆಯ ಯಜಮಾನನು ನಿಶ್ಚಯಿಸುತ್ತಾನೆ. ಆದರೆ ಮರದ ನಾರು ಯಾವ ಕಡೆಗೆ ಓಡುತ್ತದೆ, ಎಲ್ಲಿ ಕೊಯ್ದರೆ ಹಲಗೆ ವ್ಯರ್ಥವಾಗುವುದಿಲ್ಲ, ಉಳಿದ ತುಂಡು ಯಾವುದಕ್ಕೆ ಆದೀತು – ಇದು ಬಡಗಿಯ ಅಧಿಕಾರದಲ್ಲಿದೆ. ಯಜಮಾನನಿಗೆ ಅದು ತಿಳಿದೂ ಇರುವುದಿಲ್ಲ. ಕಂಪನಿಯ ಇಂಜಿನಿಯರನೂ, ಖರೀದಿ ಅಧಿಕಾರಿಯೂ, ಲೆಕ್ಕಿಗನೂ ಇಂತಹ ತಕ್ಷರೇ. ಎಷ್ಟು ವಸ್ತು ತಯಾರಾಗಬೇಕೆಂಬುದು ಅವರ ಕೈಯಲ್ಲಿಲ್ಲ. ಹೇಗೆ ತಯಾರಾಗಬೇಕೆಂಬುದರ ದೊಡ್ಡ ಭಾಗ ಅವರ ಕೈಯಲ್ಲಿದೆ. ಯಾರಿಗೆ ಎಷ್ಟು ಅಧಿಕಾರವೋ ಅವರಿಗೆ ಅಷ್ಟು ಹೊಣೆ. ನಿರ್ದೇಶಕನ ಹೊಣೆಯೂ ಹೊಸದಾಗಿ ಸೇರಿದ ತರಬೇತಿದಾರನ ಹೊಣೆಯೂ ಸಮವಲ್ಲ. ಹೊಣೆಯಲ್ಲಿಯೂ ತಾರತಮ್ಯವುಂಟು. ಆದರೆ ಯಾರ ಪಾಲೂ ಶೂನ್ಯವಲ್ಲ.

ಕೃತ, ಕಾರಿತ, ಅನುಮೋದಿತ

ಪಾತಂಜಲ ಯೋಗಸೂತ್ರಗಳ ಎರಡನೆಯ ಪಾದದಲ್ಲಿ ಹಿಂಸೆಯನ್ನು ಮೂರಾಗಿ ವಿಭಾಗಿಸಿದ್ದಾರೆ: ತಾನೇ ಮಾಡಿದ್ದು ಕೃತ, ಇತರರಿಂದ ಮಾಡಿಸಿದ್ದು ಕಾರಿತ, ಇತರರು ಮಾಡಿದ್ದಕ್ಕೆ ಒಪ್ಪಿಗೆಯಿತ್ತದ್ದು ಅನುಮೋದಿತ. 2001ರಲ್ಲಿ ಮೊದಲ ಬಾರಿ ಪ್ರಕಟವಾದ ‘ಗ್ರೀನ್‌ಹೌಸ್ ಗ್ಯಾಸ್ ಪ್ರೋಟೋಕಾಲ್’ ಎಂಬ ಲೆಕ್ಕದ ಪದ್ಧತಿಯು ಕಂಪನಿಗಳ ಅನಿಲಗಳನ್ನೂ ಮೂರು ‘ಸ್ಕೋಪ್’ಗಳಾಗಿ ವಿಭಾಗಿಸಿದೆ. ತನ್ನ ಆವರಣದಲ್ಲಿ ತಾನೇ ಉರಿಸಿದ್ದು ಒಂದನೆಯದು. ಕೊಂಡ ವಿದ್ಯುತ್ತಿಗಾಗಿ ಬೇರೆಡೆ ಉರಿದದ್ದು ಎರಡನೆಯದು. ಸರಕು ಒದಗಿಸುವವರು, ಸಾಗಿಸುವವರು, ಕೊಂಡು ಬಳಸುವವರು ಉರಿಸಿದ್ದು ಮೂರನೆಯದು. ಎರಡು ವಿಭಾಗಗಳೂ ಅಕ್ಷರಶಃ ಒಂದೇ ಎಂದು ನಾನು ಹೇಳುವುದಿಲ್ಲ. ಆದರೆ ‘ನನ್ನ ಕೈಯಿಂದ ಆದದ್ದು ಮಾತ್ರ ನನ್ನದು’ ಎಂಬ ಭ್ರಮೆಯನ್ನು ಎರಡೂ ಒಂದೇ ರೀತಿಯಲ್ಲಿ ಕಳೆಯುತ್ತವೆ.

ಮಾನೇಸರ್‌ನ ಉದಾಹರಣೆಯಿಂದಲೇ ಇದನ್ನು ಗ್ರಹಿಸಬಹುದು. 2023ರ ಜನವರಿ 1ರಿಂದ ರಾಜಧಾನಿ ವಲಯದ ಕೈಗಾರಿಕೆಗಳು ಅನುಮೋದಿತ ಇಂಧನಗಳನ್ನು ಮಾತ್ರ ಬಳಸಬೇಕೆಂಬ ನಿಯಮ ಜಾರಿಗೆ ಬಂದಿತು. ಉಷ್ಣವಿದ್ಯುತ್ ಸ್ಥಾವರಗಳನ್ನು ಬಿಟ್ಟು ಉಳಿದೆಡೆ ಕಲ್ಲಿದ್ದಲು ನಿಷಿದ್ಧವಾಯಿತು. ಇದರಿಂದ ‘ಕೃತ’ದ ಒಂದು ಭಾಗ ತಗ್ಗಿತು. ಆದರೆ ಕಾರ್ಖಾನೆಗೆ ಬರುವ ವಿದ್ಯುತ್ತು ಎಲ್ಲಿಂದ ಬಂತು? ನೆರೆಯ ಝಜ್ಜರ್ ಜಿಲ್ಲೆಯ ಝಾರ್ಲಿಯಲ್ಲಿ 1500 ಮೆಗಾವಾಟ್ ಸಾಮರ್ಥ್ಯದ ಕಲ್ಲಿದ್ದಲಿನ ಸ್ಥಾವರವಿದೆ. ದೇಶದ ವಿದ್ಯುತ್ತಿನ ಬಹುಭಾಗ ಇಂದಿಗೂ ಕಲ್ಲಿದ್ದಲಿನದೇ. ನಮ್ಮ ಆವರಣದಲ್ಲಿ ಚಿಮಣಿ ಇಲ್ಲವೆಂದು ಹೆಮ್ಮೆಪಡುವಾಗ, ನಮಗಾಗಿ ಉರಿಯುವ ಚಿಮಣಿ ಬೇರೆ ಊರಿನಲ್ಲಿದೆಯೆಂಬುದನ್ನು ಮರೆಯಲಾಗದು. ಅದು ‘ಕಾರಿತ’.

ಕಾರ್ಖಾನೆಯ ಪಂಚಸೂನೆಗಳು

ಹಾಗಾದರೆ ಕಾರ್ಖಾನೆಯನ್ನು ಮುಚ್ಚಬೇಕೆ? ಈ ಪ್ರಶ್ನೆಗೆ ಸ್ಮೃತಿಕಾರರು ಗೃಹಸ್ಥನ ವಿಷಯದಲ್ಲಿಯೇ ಉತ್ತರವಿತ್ತಿದ್ದಾರೆ. ಮನುಸ್ಮೃತಿಯ ಮೂರನೆಯ ಅಧ್ಯಾಯವು ಪ್ರತಿಯೊಂದು ಮನೆಯಲ್ಲಿಯೂ ಐದು ವಧಸ್ಥಾನಗಳಿವೆ ಎನ್ನುತ್ತದೆ: ಒಲೆ, ಬೀಸುವ ಕಲ್ಲು, ಪೊರಕೆ, ಒರಳು–ಒನಕೆ ಮತ್ತು ನೀರಿನ ಕೊಡ. ಇವು ಪಂಚಸೂನೆಗಳು. ಇವನ್ನು ಬಳಸುವಾಗ ಸಣ್ಣ ಜೀವಿಗಳು ಸಾಯುತ್ತವೆ, ಬಳಸದೆ ಬದುಕುವಂತಿಲ್ಲ. ಸ್ಮೃತಿಯು ಒಲೆಯನ್ನು ಆರಿಸು ಎನ್ನಲಿಲ್ಲ, ಹಿಂಸೆಯೇ ನಡೆಯುತ್ತಿಲ್ಲವೆಂದು ಸಮಾಧಾನವನ್ನೂ ಹೇಳಲಿಲ್ಲ. ಹಿಂಸೆಯನ್ನು ಹೆಸರಿಟ್ಟು ಎಣಿಸಿತು. ಅದರ ನಿಷ್ಕೃತಿಗಾಗಿ ಪಂಚಮಹಾಯಜ್ಞಗಳನ್ನು ಪ್ರತಿದಿನದ ಕರ್ತವ್ಯವಾಗಿ ವಿಧಿಸಿತು. ಎಣಿಸುವುದು, ತಗ್ಗಿಸುವುದು, ಹಿಂದಿರುಗಿಸುವುದು – ಈ ಮೂರೂ ಆ ವಿಧಿಯಲ್ಲಿ ಅಡಗಿವೆ ಎಂದು ನನ್ನ ತಿಳಿವಳಿಕೆ.

ಕಾರ್ಖಾನೆಗೂ ಈ ಐದನ್ನು ಅನ್ವಯಿಸಬಹುದು. ಒಲೆ ಎಂದರೆ ಬಾಯ್ಲರು, ಕುಲುಮೆ, ಡೀಸೆಲ್ ಜನರೇಟರು. ಮೋಟಾರು ಕಾರ್ಖಾನೆಯಲ್ಲಿ ಕಾರಿನ ದೇಹವನ್ನು ಬಣ್ಣ ಬಳಿದು ಬಿಸಿಗೂಡುಗಳಲ್ಲಿ ಒಣಗಿಸುವ ವಿಭಾಗವು ಅತ್ಯಧಿಕ ಶಕ್ತಿಯನ್ನು ನುಂಗುವ ವಿಭಾಗಗಳಲ್ಲಿ ಒಂದು. ಅಲ್ಲಿಂದ ಹೊರಹೋಗುವ ಬಿಸಿಗಾಳಿಯನ್ನೇ ಮತ್ತೆ ಬಳಸಿಕೊಂಡರೆ ಅಷ್ಟು ಇಂಧನ ಉಳಿಯಿತು.

ಬೀಸುವ ಕಲ್ಲು ಎಂದರೆ ವಿದ್ಯುತ್ತಿನಿಂದ ತಿರುಗುವ ಯಂತ್ರಸಮೂಹ. ಒಂದು ಸಣ್ಣ ಉದಾಹರಣೆ ಸಾಕು. ಕಾರ್ಖಾನೆಗಳಲ್ಲಿ ಗಾಳಿಯನ್ನು ಒತ್ತಿ ಕೊಳವೆಗಳ ಮೂಲಕ ಯಂತ್ರಗಳಿಗೆ ಹರಿಸುತ್ತಾರೆ. ಕೀಲುಗಳು ಸಡಿಲವಾಗಿ, ಹೀಗೆ ಒತ್ತಿದ ಗಾಳಿಯ ಐದನೆಯ ಒಂದು ಭಾಗ ಅಥವಾ ಅದಕ್ಕೂ ಹೆಚ್ಚು ಸೋರಿಹೋಗುವುದು ಸಾಮಾನ್ಯ ಸಂಗತಿ. ರಜೆಯ ದಿನ ಯಂತ್ರಗಳೆಲ್ಲ ನಿಂತಾಗ ಕಿವಿಗೊಟ್ಟರೆ ಆ ‘ಸುಯ್’ ಎಂಬ ಶಬ್ದ ಕೇಳಿಸುತ್ತದೆ. ಅದನ್ನು ಕೇಳಿದ ಕಿರಿಯ ಇಂಜಿನಿಯರನು ಕೀಲನ್ನು ಬಿಗಿ ಮಾಡಿಸಿದರೆ, ದೂರದ ಸ್ಥಾವರದಲ್ಲಿ ಅಷ್ಟು ಕಲ್ಲಿದ್ದಲು ಉರಿಯುವುದು ತಪ್ಪಿತು. ಇದಕ್ಕೆ ನಿರ್ದೇಶಕಮಂಡಲಿಯ ಅಪ್ಪಣೆ ಬೇಕಾಗಿಲ್ಲ.

ಪೊರಕೆ ಎಂದರೆ ತ್ಯಾಜ್ಯ. ಮಾನೇಸರ್‌ನ ಮಾರುತಿ ಸುಜುಕಿ ಕಾರ್ಖಾನೆಯಲ್ಲಿ ಊಟದ ಮನೆಯ ಉಳಿಕೆಯನ್ನೂ ನೇಪಿಯರ್ ಹುಲ್ಲನ್ನೂ ಬಳಸಿ ಜೈವಿಕ ಅನಿಲ ತಯಾರಿಸುವ ಪ್ರಾಯೋಗಿಕ ಘಟಕವನ್ನು 2024ರಲ್ಲಿ ಆರಂಭಿಸಿದರು, ದಿನಕ್ಕೆ 0.2 ಟನ್ ಅನಿಲ ಅದರ ಗುರಿ. ಇದು ಶ್ಲಾಘ್ಯ. ಆದರೆ ಅನ್ನದ ವಿಷಯದಲ್ಲಿ ವ್ರತವನ್ನೇ ವಿಧಿಸಿದ ತೈತ್ತಿರೀಯೋಪನಿಷತ್ತಿನ ಭೃಗುವಲ್ಲಿಯನ್ನು ಪಠಿಸುವ ನಾವು ಇನ್ನೊಂದು ಹೆಜ್ಜೆ ಹಿಂದಕ್ಕೆ ಹೋಗಿ ಕೇಳಬೇಕು: ತಟ್ಟೆಯಲ್ಲಿ ಅನ್ನ ಉಳಿದದ್ದೇಕೆ? ಉಳಿದ ಅನ್ನದಿಂದ ಅನಿಲ ಮಾಡುವುದು ಎರಡನೆಯ ಉತ್ತಮ. ಉಳಿಯದಂತೆ ಬಡಿಸುವುದು ಮೊದಲನೆಯದು.

ಒರಳು–ಒನಕೆ ಎಂದರೆ ಕಚ್ಚಾವಸ್ತು: ತಗಡು, ಪ್ಲಾಸ್ಟಿಕ್, ರಬ್ಬರು. ಒಂದು ಹಾಳೆ ತಗಡಿನಿಂದ ಎಷ್ಟು ತುಂಡು ಕತ್ತರಿಸಬಹುದೆಂಬುದು ಬಡಗಿಯ ಹಲಗೆಯ ಲೆಕ್ಕವೇ. ಬಿಡಿಭಾಗಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿ ತಂದು ಎಸೆಯುವುದಕ್ಕೂ, ಮರಳಿ ಕಳುಹಿಸುವ ಗಟ್ಟಿಪೆಟ್ಟಿಗೆಯಲ್ಲಿ ತರುವುದಕ್ಕೂ ಇರುವ ವ್ಯತ್ಯಾಸ ಖರೀದಿ ಅಧಿಕಾರಿಯ ಒಂದು ಷರತ್ತಿನಲ್ಲಿದೆ.

ನೀರಿನ ಕೊಡದ ಬಗ್ಗೆ ವಿಶೇಷವಾಗಿ ಹೇಳಬೇಕು. ಉಡುಪಿಯ ಆಷಾಢ–ಶ್ರಾವಣಗಳನ್ನು ಕಂಡು ಬೆಳೆದವರಿಗೆ ಅರಾವಳಿಯ ತಪ್ಪಲಿನ ಈ ನೆಲದ ಬಾಯಾರಿಕೆ ಬೇಗನೆ ಅರ್ಥವಾಗುವುದಿಲ್ಲ. ಗುರುಗ್ರಾಮ ಜಿಲ್ಲೆಯಲ್ಲಿ ಮಳೆಯು ಭೂಮಿಗೆ ಮರಳಿಸುವುದಕ್ಕಿಂತ ಹೆಚ್ಚಿನ ನೀರನ್ನು ಮನುಷ್ಯರು ಮೇಲೆತ್ತುತ್ತಿದ್ದಾರೆ. ನಗರಕ್ಕೆ ಯಮುನೆಯ ನೀರು ಕಾಲುವೆಯಲ್ಲಿ ಹರಿದು ಬರಬೇಕು. ಆಚಮನಕ್ಕೆ ಉದ್ಧರಣೆಯಲ್ಲಿ ಅಳೆದು ನೀರು ತೆಗೆದುಕೊಳ್ಳುವ ಸಂಸ್ಕಾರವುಳ್ಳವನು, ತನ್ನ ವಿಭಾಗದಲ್ಲಿ ಮೀಟರಿಲ್ಲದ ಕೊಳವೆಯನ್ನು ಹೇಗೆ ಸಹಿಸಿಯಾನು? ಬಳಸಿದ ನೀರನ್ನು ಶುದ್ಧೀಕರಿಸಿ ಮತ್ತೆ ಬಳಸುವುದು, ಮಾಡಿನ ಮಳೆನೀರನ್ನು ಇಂಗಿಸುವುದು ಇವು ಎರಡನೆಯ ಮಾತು. ಎಲ್ಲಿ ಎಷ್ಟು ಖರ್ಚಾಗುತ್ತಿದೆ ಎಂದು ಅಳೆಯುವುದು ಮೊದಲನೆಯ ಮಾತು.

ಆರನೆಯ ಸೂನೆ: ಸಾಗಣೆ

ಮನುವಿನ ಗೃಹಸ್ಥನಿಗೆ ಇಲ್ಲದ ಆರನೆಯ ಸೂನೆಯೊಂದು ಇಂದಿನ ಉದ್ಯಮಕ್ಕಿದೆ. ಅದು ಸಾಗಣೆ. ರೈಲ್ವೆಯಲ್ಲಿ ಆಯುಷ್ಯದ ಬಹುಭಾಗವನ್ನು ಕಳೆದವನಾದುದರಿಂದ ಈ ವಿಷಯವನ್ನು ಸ್ವಲ್ಪ ವಿಸ್ತರಿಸಿದರೆ ಓದುಗರು ಕ್ಷಮಿಸಬೇಕು.

ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರವು ಉರುಳುವಾಗ ಅವೆರಡೂ ಸ್ಪರ್ಶಿಸುವ ಜಾಗ ಒಂದು ನಾಣ್ಯದಷ್ಟು ಮಾತ್ರ. ಲಾರಿಯ ರಬ್ಬರು ಚಕ್ರವಾದರೋ ರಸ್ತೆಯ ಮೇಲೆ ಅಪ್ಪಚ್ಚಿಯಾಗುತ್ತ, ಮತ್ತೆ ಉಬ್ಬುತ್ತ, ಪ್ರತಿಯೊಂದು ಸುತ್ತಿನಲ್ಲಿಯೂ ಶಕ್ತಿಯನ್ನು ಶಾಖವಾಗಿ ಕಳೆಯುತ್ತದೆ. ಆದುದರಿಂದ ಒಂದು ಟನ್ ಸರಕನ್ನು ಒಂದು ಕಿಲೋಮೀಟರು ಒಯ್ಯಲು ರೈಲಿಗೆ ಬೇಕಾಗುವ ಶಕ್ತಿ ಲಾರಿಗೆ ಬೇಕಾದುದರ ಒಂದು ಸಣ್ಣ ಅಂಶ. ಹೀಗಿದ್ದೂ ಕಂಪನಿಗಳು ಲಾರಿಯನ್ನೇ ಆಶ್ರಯಿಸಿದ್ದೇಕೆ? ಲಾರಿಯು ಕಾರ್ಖಾನೆಯ ಬಾಗಿಲಿಗೆ ಬರುತ್ತದೆ, ಎಂಟು ಹತ್ತು ಕಾರು ತುಂಬಿದೊಡನೆ ಹೊರಡುತ್ತದೆ. ರೈಲಿಗಾದರೆ ಒಂದು ಪೂರ್ಣ ರೇಕಿನಷ್ಟು ಸರಕು ಕೂಡಬೇಕು, ದೂರದ ಗೂಡ್ಸ್ ಯಾರ್ಡಿಗೆ ಅದನ್ನು ಒಯ್ಯಬೇಕು, ನಿಗದಿತ ಸಮಯದಲ್ಲಿ ತುಂಬದಿದ್ದರೆ ಡೆಮರೇಜ್ ತೆರಬೇಕು. ಅಡ್ಡಿಯಾದದ್ದು ಜ್ಞಾನದ ಕೊರತೆಯಲ್ಲ. ಎರಡು ಬಾರಿ ಏರಿಸಿ ಇಳಿಸುವ ತೊಂದರೆ.

ಈ ತೊಂದರೆಗೆ ಮಾನೇಸರ್‌ನಲ್ಲಿ ಒಂದು ಪರಿಹಾರವನ್ನು ಕಂಡುಕೊಂಡರು. ಮಾರುತಿ ಸುಜುಕಿ ಕಂಪನಿಯು 2013ರಲ್ಲಿಯೇ ತನ್ನ ಕಾರುಗಳನ್ನು ಸ್ವಂತ ಗೂಡ್ಸ್ ರೈಲುಗಳಲ್ಲಿ ಸಾಗಿಸುವ ಪರವಾನಗಿಯನ್ನು ಪಡೆದಿತ್ತು. 2025ರ ಜೂನ್ 17ರಂದು ಮಾನೇಸರ್ ಕಾರ್ಖಾನೆಯ ಆವರಣದೊಳಗೇ 46 ಎಕರೆಗಳ ರೈಲ್ವೆ ಸೈಡಿಂಗ್ ಉದ್ಘಾಟನೆಯಾಯಿತು. ರೇಕು ನಿಲ್ಲಲು ನಾಲ್ಕು ಪೂರ್ಣ ಉದ್ದದ ಹಳಿಗಳು, ಇಂಜಿನು ಬಿಡಿಸಿಕೊಂಡು ಹೋಗಲು ಇನ್ನೊಂದು, ಒಟ್ಟು 8.2 ಕಿಲೋಮೀಟರು ಹಳಿ, ಎಲ್ಲವೂ ವಿದ್ಯುದೀಕೃತ. ಅಲ್ಲಿಂದ ಸುಮಾರು 10 ಕಿಲೋಮೀಟರು ದೂರದ ಪಾತ್ಲಿ ನಿಲ್ದಾಣಕ್ಕೆ ಸಂಪರ್ಕ. ಪೂರ್ಣ ಸಾಮರ್ಥ್ಯ ವರ್ಷಕ್ಕೆ 4.5 ಲಕ್ಷ ಕಾರುಗಳು. ಈ ಮಾರ್ಗಕ್ಕೂ ಯಾರ್ಡಿಗೂ ಕಂಪನಿಯು ತೊಡಗಿಸಿದ ಹಣ ಸುಮಾರು 452 ಕೋಟಿ ರೂಪಾಯಿ. ಪೂರ್ಣ ಸಾಮರ್ಥ್ಯದಲ್ಲಿ ನಡೆದರೆ ವರ್ಷಕ್ಕೆ 6 ಕೋಟಿ ಲೀಟರು ಇಂಧನ ಉಳಿಯುವುದೆಂದೂ, 1.75 ಲಕ್ಷ ಟನ್ ಇಂಗಾಲದ ಅನಿಲ ತಪ್ಪುವುದೆಂದೂ ಕಂಪನಿಯ ಅಂದಾಜು. ಒಂದು ಲೀಟರು ಡೀಸೆಲ್ ಉರಿದರೆ ಹೆಚ್ಚುಕಡಮೆ 2.7 ಕಿಲೋಗ್ರಾಂ ಇಂಗಾಲದ ಡೈ ಆಕ್ಸೈಡ್ ಹೊರಬೀಳುತ್ತದೆ. ಗುಣಿಸಿ ನೋಡಿದರೆ ಎರಡು ಅಂಕಿಗಳೂ ಒಂದಕ್ಕೊಂದು ಸಮೀಪದಲ್ಲಿಯೇ ಇವೆ.

ಇಲ್ಲಿ ಎರಡು ಮಾತುಗಳನ್ನು ಮರೆಮಾಚದೆ ಹೇಳಬೇಕು. ಮೊದಲನೆಯದು: ಕಾರನ್ನು ರೈಲಿನಲ್ಲಿ ಸಾಗಿಸಿದ ಮಾತ್ರಕ್ಕೆ ಕಾರು ನಿರ್ದೋಷವಾಗುವುದಿಲ್ಲ. ಪೆಟ್ರೋಲಿನ ಕಾರಿನ ಆಯುಷ್ಯದಲ್ಲಿ ಹೊರಬೀಳುವ ಹೊಗೆಯ ಬಹುಪಾಲು ಅದು ಮಾರಾಟವಾದ ಮೇಲೆ ರಸ್ತೆಯಲ್ಲಿ ಹೊರಬೀಳುತ್ತದೆ. ಆ ಭಾಗದಲ್ಲಿ ವಿನ್ಯಾಸ ಮಾಡಿದವನೂ ಪಾಲುಗಾರ, ಕೊಂಡು ನಡೆಸುವ ನಾವೂ ಪಾಲುಗಾರರು. ಎರಡನೆಯದು: ಇದರಲ್ಲಿ ಕಂಪನಿಗೆ ಲಾಭವೂ ಉಂಟು. “ಲಾಭಕ್ಕಾಗಿ ಮಾಡಿದ್ದು ಧರ್ಮವೆ?” ಎಂದು ಕೆಲವರು ಕೇಳುತ್ತಾರೆ. ಹೊಗೆಯು ಉದ್ದೇಶವನ್ನು ಕೇಳುವುದಿಲ್ಲ; ಲಾಭಕ್ಕಾಗಿ ತಗ್ಗಿಸಿದರೂ ಅದು ತಗ್ಗಿತು. ಉದ್ದೇಶವನ್ನು ಕೇಳುವುದು ಜೀವನ ಲೆಕ್ಕದಲ್ಲಿ. ಆ ಯೋಜನೆಯಲ್ಲಿ ದುಡಿದ ಒಬ್ಬನು ಅದನ್ನು ಬಡ್ತಿಗಾಗಿ ಮಾಡಿರಬಹುದು, ಇನ್ನೊಬ್ಬನು ಭಗವಂತನ ಸೇವೆಯೆಂದು ಮಾಡಿರಬಹುದು. ಹಳಿ ಒಂದೇ, ಫಲ ಬೇರೆ ಬೇರೆ.

ಏಕಾದಶಿಯ ಉಪವಾಸವನ್ನು ಕೊಳ್ಳಬಹುದೆ?

ಇತ್ತೀಚೆಗೆ ಒಂದು ಸುಲಭೋಪಾಯವು ಪ್ರಚಾರದಲ್ಲಿದೆ. ಇಲ್ಲಿ ಎಷ್ಟು ಹೊಗೆ ಬಿಡುತ್ತೇವೆಯೋ ಅಷ್ಟಕ್ಕೆ ಸಮನಾಗಿ ಬೇರೆಲ್ಲಿಯೋ ಮರಗಳನ್ನು ನೆಡಿಸಿ, ಅಥವಾ ಬೇರೆಯವರು ಉಳಿಸಿದ ಹೊಗೆಯ ಪ್ರಮಾಣಪತ್ರವನ್ನು ಹಣಕೊಟ್ಟು ಪಡೆದು, ಲೆಕ್ಕ ಸರಿಹೋಯಿತೆಂದು ಸಾರುವುದು. ನಮ್ಮವರಿಗೆ ಇದನ್ನು ತಿಳಿಸಲು ಒಂದು ಪ್ರಶ್ನೆ ಸಾಕು. ಏಕಾದಶಿಯಂದು ನಾನು ಭೋಜನ ಮಾಡಿ, ಇನ್ನೊಬ್ಬರಿಗೆ ಹಣ ಕೊಟ್ಟು ನನ್ನ ಬದಲಿಗೆ ನಿರ್ಜಲ ಉಪವಾಸ ಮಾಡಿಸಿದರೆ ನನ್ನ ವ್ರತವು ನಡೆದಂತಾಯಿತೆ?

ಇದು ಕೇವಲ ಹಾಸ್ಯವಲ್ಲ. ಜಗತ್ತು ಸತ್ಯ, ಪಂಚಭೇದವೂ ಸತ್ಯ ಎಂಬುದು ನಮ್ಮ ಸಿದ್ಧಾಂತದ ತಳಹದಿ. ಜಡಕ್ಕೂ ಜಡಕ್ಕೂ ಭೇದವುಂಟು. ಅರಾವಳಿಯ ತಪ್ಪಲಿನಲ್ಲಿ ಬತ್ತಿದ ಬಾವಿಯು ಬೇರೊಂದು ರಾಜ್ಯದಲ್ಲಿ ತುಂಬಿದ ಕೆರೆಯಲ್ಲ. ಜೀವನಿಗೂ ಜೀವನಿಗೂ ಭೇದವುಂಟು. ಮಾನೇಸರ್‌ನ ಹಳ್ಳಿಯ ಮಗುವಿನ ಕೆಮ್ಮು ಬೇರೊಂದು ಊರಿನ ಮಗುವಿನ ಆರೋಗ್ಯದಿಂದ ವಾಸಿಯಾಗುವುದಿಲ್ಲ. ಎಲ್ಲವೂ ಮಿಥ್ಯೆ, ಎಲ್ಲವೂ ಒಂದೇ ಎಂದು ಭಾವಿಸುವವರಿಗೆ ಈ ಅದಲುಬದಲು ಒಪ್ಪಿಗೆಯಾದೀತು, ತತ್ತ್ವವಾದಿಗೆ ಒಪ್ಪಿಗೆಯಾಗದು.

ಪ್ರಾಯಶ್ಚಿತ್ತಕ್ಕೆ ಸ್ಥಾನವಿಲ್ಲವೆಂದಲ್ಲ. 2013ರ ಕಂಪನಿ ಕಾಯಿದೆಯಂತೆ ದೊಡ್ಡ ಕಂಪನಿಗಳು ಸರಾಸರಿ ನಿವ್ವಳ ಲಾಭದ ಶೇಕಡಾ 2ರಷ್ಟನ್ನು ಸಾಮಾಜಿಕ ಕಾರ್ಯಗಳಿಗೆ ವ್ಯಯಿಸಬೇಕಾಗಿದೆ. ಅದರಿಂದ ಗಿಡ ನೆಟ್ಟರೆ, ಕೆರೆ ತೋಡಿಸಿದರೆ ಸಂತೋಷವೇ. ಅದು ದಾನ, ದಾನವಾಗಿ ಶ್ರೇಷ್ಠ. ಆದರೆ ಪಾಪವನ್ನು ನಿಲ್ಲಿಸದೆ ಮಾಡುವ ಪ್ರಾಯಶ್ಚಿತ್ತವು ಆನೆಯ ಸ್ನಾನದಂತೆ ವ್ಯರ್ಥವೆಂದು ಶ್ರೀಮದ್ಭಾಗವತದ ಷಷ್ಠಸ್ಕಂಧದಲ್ಲಿ ಪರೀಕ್ಷಿದ್ರಾಜನು ಶುಕಾಚಾರ್ಯರನ್ನು ಆಕ್ಷೇಪಿಸುವ ಸಂದರ್ಭವು ನಮಗೆಲ್ಲ ತಿಳಿದದ್ದೇ. ನೀರಿನಿಂದ ಮೇಲೆದ್ದ ಆನೆಯು ಮತ್ತೆ ಧೂಳನ್ನೇ ಮೈಮೇಲೆ ಎರಚಿಕೊಳ್ಳುತ್ತದೆ. ಆದುದರಿಂದ ಕ್ರಮವು ಹೀಗಿರಬೇಕು: ಬೇಡವಾದುದನ್ನು ಮಾಡದಿರುವುದು ಮೊದಲು, ಬೇಕಾದುದನ್ನು ಕಡಿಮೆಯಲ್ಲಿ ಮಾಡುವುದು ಎರಡನೆಯದು, ತೆಗೆದುಕೊಂಡದ್ದನ್ನು ತೆಗೆದುಕೊಂಡ ಸ್ಥಳಕ್ಕೇ ಹಿಂದಿರುಗಿಸುವುದು ಮೂರನೆಯದು, ಉಳಿದುದಕ್ಕೆ ಪರಿಹಾರ ಕೊನೆಯದು. ಕಾರ್ಖಾನೆಯ ವಾಹನ ನಿಲುಗಡೆಯ ಮೇಲೆ ಸೌರಫಲಕಗಳ ಚಾವಣಿ ಹಾಕುವುದು ಈ ಕ್ರಮದಲ್ಲಿ ಎರಡನೆಯದು. ಮಾನೇಸರ್‌ನಲ್ಲಿಯೇ 2022ರಲ್ಲಿ ಇಂತಹ 20 ಮೆಗಾವಾಟ್ ಸ್ಥಾವರವು ಬಂದಿದೆ. ದೂರದ ಕಾಡಿನ ಪ್ರಮಾಣಪತ್ರವು ನಾಲ್ಕನೆಯದು. ನಾಲ್ಕನೆಯದನ್ನು ಮೊದಲನೆಯದರ ಸ್ಥಾನದಲ್ಲಿ ಕೂರಿಸುವುದೇ ವಂಚನೆ.

ಶಂಕಾಸಮಾಧಾನ

“ಹೋಮದ ಹೊಗೆಯೂ ಹೊಗೆಯೇ ಅಲ್ಲವೆ? ವಾಯುದೇವರ ಮತದವರಾದ ನಾವು ಗಾಳಿಯನ್ನು ಕೆಡಿಸಿದರೆ ಮುಖ್ಯಪ್ರಾಣನನ್ನೇ ಕೆಡಿಸಿದಂತಲ್ಲವೆ?” ಎಂದು ಭಾವಾವೇಶದಿಂದ ಮಾತನಾಡುವವರುಂಟು. ಇಲ್ಲಿ ಎಚ್ಚರಿಕೆ ಅವಶ್ಯ. ಜೀವೋತ್ತಮರಾದ ಮುಖ್ಯಪ್ರಾಣದೇವರಿಗೆ ನಮ್ಮ ಚಿಮಣಿಯಿಂದ ಯಾವ ಲೇಪವೂ ಇಲ್ಲ. ಕೆಡುವುದು ಭೂತರೂಪವಾದ ಜಡವಾಯು. ಬಳಲುವುದು ಅದನ್ನು ಉಸಿರಾಡುವ ಜೀವಿಗಳು. ಆದರೆ ಸ್ವಾಮಿಯು ಲೋಕಕ್ಕೆಲ್ಲ ಉಚಿತವಾಗಿ ಒದಗಿಸಿದ ಪದಾರ್ಥವನ್ನು ಕೆಡಿಸಿ, ಅದೇ ಸ್ವಾಮಿಯ ಮುಂದೆ ಪ್ರದಕ್ಷಿಣೆ ಹಾಕುವ ಸೇವಕನ ಭಕ್ತಿಯು ಎಂತಹದು ಎಂಬ ಪ್ರಶ್ನೆ ಉಳಿದೇ ಇರುತ್ತದೆ. ಹೋಮದ ಹೊಗೆಗೂ ಕಾರ್ಖಾನೆಯ ಹೊಗೆಗೂ ಪ್ರಮಾಣದಲ್ಲಿ ಇರುವ ಅಂತರವನ್ನು ಹೇಳಬೇಕಾಗಿಲ್ಲ. ಆದರೂ ಗಾಳಿ ಕೆಟ್ಟ ದಿನಗಳಲ್ಲಿ ಮುಚ್ಚಿದ ಕೋಣೆಯಲ್ಲಿ ವೃದ್ಧರನ್ನೂ ಶಿಶುಗಳನ್ನೂ ಹೊಗೆಯಲ್ಲಿ ಕೂರಿಸದಿರುವ ವಿವೇಕವು ನಮಗೂ ಬೇಕು.

“ಎಲ್ಲವೂ ಹರಿಪ್ರೇರಣೆಯಿಂದ ನಡೆಯುತ್ತಿರುವಾಗ ನನ್ನ ಹೊಣೆ ಎಲ್ಲಿ?” ಎಂಬುದು ಇನ್ನೊಂದು ಶಂಕೆ. ಈ ವಾದದಿಂದ ಸಂಧ್ಯಾವಂದನೆಯನ್ನು ಬಿಡಬಹುದಾದರೆ ಮಾತ್ರ ಇದನ್ನೂ ಬಿಡಬಹುದು. ಪ್ರೇರಣೆಯು ಜೀವನ ಯೋಗ್ಯತೆ, ಕರ್ಮ, ಪ್ರಯತ್ನಗಳನ್ನು ಅನುಸರಿಸಿಯೇ ಬರುವುದೆಂದು ನಮ್ಮ ಆಚಾರ್ಯರ ಮತ.

“ನಾನೊಬ್ಬನು ಮಾಡಿದರೆ ಏನಾದೀತು? ಹೇಳಿದರೆ ಕೆಲಸಕ್ಕೆ ಕುತ್ತು ಬಂದೀತು” ಎಂಬುದು ಮೂರನೆಯದು, ಮತ್ತು ಇದೇ ನಿಜವಾದ ಶಂಕೆ. ಮನೆಯ ಸಾಲ, ಮಕ್ಕಳ ಶಾಲೆ, ಊರಿನಲ್ಲಿ ವೃದ್ಧರಾದ ತಂದೆತಾಯಿ – ಇವೆಲ್ಲ ಆ ಸಂಬಳದ ಮೇಲೆ ನಿಂತಿರುವಾಗ ಯುವಕನಿಗೆ ವೀರೋಪದೇಶ ಮಾಡುವುದು ನಿವೃತ್ತಿವೇತನ ಪಡೆಯುವವನಿಗೆ ಶೋಭಿಸದು. ಶಾಸ್ತ್ರವೂ ಶಕ್ತಿಗೆ ಮೀರಿದ್ದನ್ನು ವಿಧಿಸುವುದಿಲ್ಲ. ಆದರೆ ಶಕ್ತಿಗೆ ಒಳಪಟ್ಟದ್ದನ್ನು ಬಿಡಲೂ ಅದು ಒಪ್ಪುವುದಿಲ್ಲ. ಸುಳ್ಳು ಅಂಕಿಗೆ ಸಹಿ ಹಾಕದಿರುವುದು, ಕಲುಷಿತ ನೀರನ್ನು ರಾತ್ರಿವೇಳೆ ಮೋರಿಗೆ ಬಿಡುವ ಆಜ್ಞೆಗೆ ಕೈಗೂಡಿಸದಿರುವುದು – ಇಷ್ಟು ಕನಿಷ್ಠ ಮರ್ಯಾದೆ. ಇಲ್ಲಿ ಭಯವನ್ನು ಗೆಲ್ಲಲೇಬೇಕು. ಇದರ ಮೇಲಿನದೆಲ್ಲ ಅವರವರ ಅಧಿಕಾರ, ಜಾಣ್ಮೆ, ತಾಳ್ಮೆಗಳಿಗೆ ಸೇರಿದ್ದು. ಅನೇಕ ಸಂದರ್ಭಗಳಲ್ಲಿ ಹೊಗೆಯನ್ನು ಉಳಿಸುವ ದಾರಿಯು ಹಣವನ್ನೂ ಉಳಿಸುವುದರಿಂದ, ಹೇಳುವ ಬಗೆ ತಿಳಿದವನ ಮಾತನ್ನು ಮೇಲಿನವರು ಕೇಳಿಯೂ ಕೇಳುತ್ತಾರೆ.

ನಮ್ಮ ಕರ್ತವ್ಯ

ಇಂಜಿನಿಯರನು ಅಳೆಯಲಿ, ಖರೀದಿ ಅಧಿಕಾರಿಯು ಬೆಲೆಯ ಜೊತೆಗೆ ದೂರವನ್ನೂ ಪೆಟ್ಟಿಗೆಯನ್ನೂ ವಿಚಾರಿಸಲಿ, ಲೆಕ್ಕಿಗನು ಪ್ರತಿಯೊಂದು ವಸ್ತುವಿಗೆ ತಗಲಿದ ರೂಪಾಯಿಯ ಪಕ್ಕದಲ್ಲಿ ತಗಲಿದ ವಿದ್ಯುತ್ತನ್ನೂ ನೀರನ್ನೂ ಬರೆಯಲಿ. ನಿವೃತ್ತರಾದ ನಾವೂ ಹೊರಗಿನವರಲ್ಲ. ನಮ್ಮ ಉಳಿತಾಯವು ಷೇರುಗಳಲ್ಲಿ, ಮ್ಯೂಚುಯಲ್ ಫಂಡುಗಳಲ್ಲಿ ತೊಡಗಿದ್ದರೆ ನಾವು ಆ ಕಂಪನಿಗಳ ಒಡೆಯರಲ್ಲಿ ಒಬ್ಬರು. ಡಿವಿಡೆಂಡು ಪಡೆಯುವಾಗ ‘ಅನುಮೋದಿತ’ವೂ ನಮ್ಮದೇ. 2022–23ನೆಯ ವರ್ಷದಿಂದ ಅಗ್ರಶ್ರೇಣಿಯ ಸಾವಿರ ಕಂಪನಿಗಳು ತಮ್ಮ ಇಂಧನ, ನೀರು, ತ್ಯಾಜ್ಯಗಳ ವಿವರವನ್ನು ಪ್ರತಿವರ್ಷ ಪ್ರಕಟಿಸುವುದನ್ನು ಸೆಬಿ ಕಡ್ಡಾಯಗೊಳಿಸಿದೆ. ಲಾಭದ ಪುಟವನ್ನು ಓದುವ ನಾವು ಆ ಪುಟವನ್ನೂ ಓದಬಹುದು. ಮಠದ ಶಾಖೆಯೂ ಒಂದು ಸಂಸ್ಥೆಯೇ. ಆರಾಧನೆಯ ಭೋಜನದಲ್ಲಿ ಎಲೆಯ ಮೇಲೆ ಬಿಟ್ಟ ಅನ್ನ, ಪ್ಲಾಸ್ಟಿಕ್ ಲೋಟ, ಒಬ್ಬೊಬ್ಬರೇ ಒಂದೊಂದು ಕಾರಿನಲ್ಲಿ ಬರುವ ರೂಢಿ – ಇವನ್ನು ಬಿಟ್ಟು ಕಂಪನಿಗಳಿಗೆ ಮಾತ್ರ ಉಪದೇಶಿಸಿದರೆ ಅದು ಸಲ್ಲದು.

ಈಶಾವಾಸ್ಯೋಪನಿಷತ್ತಿನ ಮೊದಲನೆಯ ಮಂತ್ರಕ್ಕೆ ಶ್ರೀಮದಾಚಾರ್ಯರು ಮಾಡಿದ ವ್ಯಾಖ್ಯಾನವು ಇಲ್ಲಿ ಸ್ಮರಣೀಯ. ಭಗವಂತನು ಕೊಟ್ಟದ್ದರಿಂದ ಭೋಗವನ್ನು ಪಡೆಯಬೇಕೆಂಬುದು ಅಲ್ಲಿಯ ತಾತ್ಪರ್ಯ. ಕೊಟ್ಟದ್ದು ಎಂದರೆ ಅಳತೆಯುಳ್ಳದ್ದು. ಕೊಟ್ಟವನೊಬ್ಬನಿದ್ದಾನೆ, ಪಡೆದವರು ಇನ್ನೂ ಅನೇಕರಿದ್ದಾರೆ. ನಮ್ಮ ಪಾಲಿಗಿಂತ ಹೆಚ್ಚು ತೆಗೆದುಕೊಂಡರೆ ಅದು ಇತರರ ಪಾಲಿನದು. ಕಂಪನಿಯ ಹೆಸರಿನಲ್ಲಿ ತೆಗೆದುಕೊಂಡರೂ ಅಷ್ಟೇ.

ನಾವು ದಿನದ ಕೊನೆಯಲ್ಲಿ ಮಾಡಿದ ಸಕಲ ಕರ್ಮಗಳನ್ನೂ ಶ್ರೀಕೃಷ್ಣನಿಗೆ ಅರ್ಪಿಸುತ್ತೇವೆ. ಆ ಸಕಲ ಕರ್ಮಗಳಲ್ಲಿ ಬೆಳಗಿನ ಪೂಜೆಯೂ ಸೇರಿದೆ, ಕಾರ್ಖಾನೆಯ ಎಂಟು ಗಂಟೆಗಳೂ ಸೇರಿವೆ. ನೈವೇದ್ಯಕ್ಕೆ ಹಣ್ಣನ್ನು ಇಡುವಾಗ ಕೊಳೆತಿದೆಯೇ ಎಂದು ತಿರುಗಿಸಿ ನೋಡುವ ನಾವು, ಆ ಎಂಟು ಗಂಟೆಗಳ ಕರ್ಮವನ್ನೂ ಅರ್ಪಿಸುವ ಮುನ್ನ ಒಮ್ಮೆ ತಿರುಗಿಸಿ ನೋಡಬೇಕು. ಅಷ್ಟು ಮಾಡುವ ಬುದ್ಧಿಯನ್ನು ಹರಿವಾಯುಗುರುಗಳು ನಮ್ಮೆಲ್ಲರಿಗೂ ಅನುಗ್ರಹಿಸಲಿ.

॥ ಶ್ರೀಕೃಷ್ಣಾರ್ಪಣಮಸ್ತು ॥